ಮನೆಯಲ್ಲಿ ಕಾಕ್‌ಟೇಲ್ ಮಾಡುವ ಮಷೀನ್ ತರಿಸಿಕೊಳ್ಳಬೇಕಾ, ಬೇಡವಾ? ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಸ್ವಲ್ಪ ಹೇಳಿ

ಜೇವರ್ಗಿ ರೋಡ್

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಮನಸ್ಸು ಅತ್ತಿತ್ತ ಆಡುತ್ತಿದೆ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ನನ್ನ ತಮ್ಮ ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ. ದೀಪಾವಳಿಗೆ ಕಲಬುರಗಿಗೆ ಬರುತ್ತಾನೆ. ಅವನ ಮನೆಯಲ್ಲಿ ಬಾರ್ಟೀಸಿಯನ್ ಅಂತ ಒಂದು ಕಾಕ್‌ಟೇಲ್ ಮಷೀನ್ ಇದೆ. ಅದಕ್ಕೆ ಗಾಜಿನ ಬಾಟಲಿಗಳು ಬರುತ್ತವೆ, ವಿಸ್ಕಿ, ವೋಡ್ಕಾ, ರಮ್, ಟಕೀಲಾ ಹೀಗೆ ನಾವೇ ತುಂಬಿಡಬೇಕು. ನೀರಿಗೆ ಬೇರೆ ಟ್ಯಾಂಕ್. ಮೇಲೆ ರಸ, ಪಾಕ ತುಂಬಿದ ಒಂದು ಸಣ್ಣ ಕ್ಯಾಪ್ಸೂಲ್ ಇಟ್ಟು ಬಟನ್ ಒತ್ತಿದರೆ ಅದರ ಮೇಲಿನ ಬಾರ್‌ಕೋಡ್ ಓದಿ, ಯಾವ ಮದ್ಯ ಎಷ್ಟು ಬೇಕೋ ಅಷ್ಟು ತಾನೇ ಎಳೆದುಕೊಂಡು, ಅರ್ಧ ನಿಮಿಷದಲ್ಲಿ ಗ್ಲಾಸಿಗೆ ಬಿಡುತ್ತದೆ. ಲೈಟ್, ರೆಗ್ಯುಲರ್, ಸ್ಟ್ರಾಂಗ್ ಅಂತ ಆರಿಸಬಹುದು. ಮದ್ಯವೇ ಇಲ್ಲದೆ ಮಾಕ್‌ಟೇಲ್ ಕೂಡ ಮಾಡುತ್ತದೆ. "ಅಣ್ಣಾ, ನಿನಗೂ ಒಂದು ತರಲಾ?" ಅಂತ ಕೇಳಿದ. ಅಲ್ಲಿ ಸುಮಾರು 350 ಡಾಲರ್. ನಮ್ಮ ಲೆಕ್ಕದಲ್ಲಿ 30 ಸಾವಿರ ದಾಟುತ್ತದೆ. ದುಡ್ಡು ನಾನೇ ಕೊಡುವುದು.

ನಮ್ಮ ಮನೆಯ ಮಾಳಿಗೆ ಮೇಲೆ ತಿಂಗಳಿಗೆ ಎರಡು ಶನಿವಾರ ಆರೆಂಟು ಜನ ಸೇರುತ್ತೇವೆ. ಹನ್ನೆರಡು ವರ್ಷದಿಂದ ಅದೇ ವಿಸ್ಕಿ ಸೋಡಾ, ಶೇಂಗಾ, ಮಿರ್ಚಿ ಭಜಿ. ಒಳ್ಳೆಯ ಮೊಹಿತೊ, ಮಾರ್ಗರಿಟಾ ಕುಡಿಯಬೇಕು ಅಂದರೆ ನಾವು ಹೈದರಾಬಾದಿಗೆ ಹೋಗುತ್ತೇವೆ. ಹೆಂಡತಿ ಕುಡಿಯುವುದಿಲ್ಲ, ಆದರೆ ಮಾಕ್‌ಟೇಲ್ ಆಸೆ ಅವಳಿಗೂ ಇದೆ. ಬಳಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ತೊಗರಿ ಕಣಜ

ಬೇಡ ಅಣ್ಣಾ. 30 ಸಾವಿರಕ್ಕೆ ಒಳ್ಳೆಯ ಫ್ರಿಜ್ ಬರುತ್ತದೆ. ಐಸ್ ಜಾಸ್ತಿ ಆಗುತ್ತದೆ, ಅದೇ ಮೊದಲ ಕಾಕ್‌ಟೇಲ್ ಮಷೀನ್.

ವೈರಿಂಗ್ ಮಾಸ್ತರ್

ಮೊದಲು ಕರೆಂಟಿನ ಮಾತು ಆಗಲಿ. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಜ್. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಜ್. ಅಲ್ಲಿಂದ ತಂದ ಮಷೀನನ್ನು ಬರೀ ಪಿನ್ ಬದಲಿಸುವ ಅಡಾಪ್ಟರ್ ಹಾಕಿ ಚುಚ್ಚಿದರೆ ಅಲ್ಲೇ ಸುಟ್ಟು ಹೋಗುತ್ತದೆ. ಅಡಾಪ್ಟರ್ ಬೇರೆ, ವೋಲ್ಟ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇರೆ. ಇದನ್ನು ಎಷ್ಟು ಸಲ ಹೇಳಿದರೂ ಜನ ಕೇಳುವುದಿಲ್ಲ. ಮಿಕ್ಸರ್, ಕೂದಲು ಒಣಗಿಸುವ ಡ್ರೈಯರ್, ಮಗುವಿನ ಹಾಲು ಬಿಸಿ ಮಾಡುವ ಸಾಮಾನು, ಎಲ್ಲಾ ಹೊಗೆ ಆದ ಮೇಲೆ ನನ್ನ ಅಂಗಡಿಗೆ ಬರುತ್ತವೆ.

ತರುವುದೇ ಆದರೆ ಮಷೀನಿನ ಕೆಳಗೆ ಬರೆದಿರುವ ವ್ಯಾಟ್ ನೋಡಿ, ಅದಕ್ಕಿಂತ ದೊಡ್ಡ ಟ್ರಾನ್ಸ್‌ಫಾರ್ಮರ್ ಕೊಳ್ಳಿ. ಅದು ಇಟ್ಟಿಗೆಯ ಹಾಗೆ ಭಾರ ಇರುತ್ತದೆ, ಅಡುಗೆ ಕಟ್ಟೆಯ ಮೇಲೆ ಅದಕ್ಕೂ ಜಾಗ ಬೇಕು. ಇನ್ನು ಹರ್ಟ್ಜ್ ಅನ್ನು ಟ್ರಾನ್ಸ್‌ಫಾರ್ಮರ್ ಬದಲಿಸುವುದಿಲ್ಲ. ಕೆಲವು ಪಂಪ್ ಮೋಟರುಗಳು 50ರಲ್ಲಿ ನಿಧಾನ ಆಗುತ್ತವೆ, ಬಿಸಿ ಆಗುತ್ತವೆ.

ಜೇವರ್ಗಿ ರೋಡ್

ಮಾಸ್ತರ್, ಇದು ನನಗೆ ಹೊಳೆದೇ ಇರಲಿಲ್ಲ. ತಮ್ಮನೂ ಹೇಳಲಿಲ್ಲ. ಧನ್ಯವಾದ.

ಹುಮನಾಬಾದ್ ಅಕ್ಕ

ನಾನು ಬಳಸಿದ್ದೇನೆ, ಅದಕ್ಕೆ ಹೇಳುತ್ತೇನೆ. ಮಗಳ ಮನೆಗೆ ನ್ಯೂಜೆರ್ಸಿಗೆ ಹೋದಾಗ ನಾಲ್ಕು ತಿಂಗಳು ಇದ್ದೆ. ಅಲ್ಲಿ ಇದೇ ಮಷೀನ್ ಇತ್ತು. ಅಳಿಯನ ಸ್ನೇಹಿತರು ಹತ್ತು ಜನ ಬಂದರೂ ಯಾರೂ ಅಡುಗೆಮನೆಯಲ್ಲಿ ನಿಂತು ಒದ್ದಾಡಲಿಲ್ಲ. ಪ್ರತಿಯೊಬ್ಬರೂ ತಮಗೆ ಬೇಕಾದ್ದು ಇಟ್ಟು ಒತ್ತಿಕೊಂಡರು. ನಾನು ಮಾಕ್‌ಟೇಲ್ ಮಾಡಿಕೊಂಡೆ, ಅವರು ಅವರದ್ದು. ಎಲ್ಲರ ಕೈಯಲ್ಲೂ ಒಂದೇ ಥರದ ಚಂದದ ಗ್ಲಾಸು. ನನಗೆ ಆ ದಿನ ಬಹಳ ಸಂತೋಷ ಆಯಿತು. ನಮ್ಮ ಕಡೆ ಪಾರ್ಟಿ ಅಂದರೆ ಗಂಡಸರಿಗೆ ಬಾಟಲಿ, ಹೆಂಗಸರಿಗೆ ಎರಡು ಲೀಟರ್ ಪೆಟ್ ಬಾಟಲಿಯ ಕೋಲಾ. ಆ ಭೇದ ಅಲ್ಲಿ ಇರಲಿಲ್ಲ.

ಎಲ್ಲರೂ ಬೇಡ ಅಂತ ಒಂದೇ ಸಮನೆ ಹೇಳುವ ಮೊದಲು ಇದನ್ನೂ ನೋಡಿ.

ಬಾರ್ ಕೌಂಟರ್ ಬೀದರ್

ನಾನು ಹೈದರಾಬಾದಿನ ಒಂದು ಹೋಟೆಲಿನಲ್ಲಿ ಒಂಬತ್ತು ವರ್ಷ ಬಾರ್‌ಟೆಂಡರ್ ಆಗಿದ್ದೆ. ಈಗ ಊರಿಗೆ ಬಂದು ಬೇರೆ ಕೆಲಸ ನೋಡಿಕೊಂಡಿದ್ದೇನೆ. ಅಕ್ಕ ಹೇಳಿದ್ದನ್ನು ನಾನು ಒಪ್ಪುತ್ತೇನೆ, ಹತ್ತು ಜನಕ್ಕೆ ಒಬ್ಬನೇ ಮಾಡಿಕೊಡುವುದು ಸುಲಭ ಅಲ್ಲ. ಆದರೆ ಆ ಮಷೀನ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದು ಕೊಳ್ಳುವ ಮೊದಲು ಗೊತ್ತಿರಬೇಕು.

ಅದು ಅಳೆಯುತ್ತದೆ, ಬೆರೆಸುತ್ತದೆ. ಅಷ್ಟೇ. ತಣ್ಣಗೆ ಮಾಡುವುದಿಲ್ಲ. ಐಸ್ ನೀವೇ ಹಾಕಬೇಕು. ಅಲ್ಲಾಡಿಸುವುದಿಲ್ಲ.

ಶೇಕರ್‌ನಲ್ಲಿ ಐಸ್ ಹಾಕಿ ಅಲ್ಲಾಡಿಸುವುದು ಬರೀ ತೋರಿಕೆಗೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಹತ್ತು ಹದಿನೈದು ಸೆಕೆಂಡ್ ಜೋರಾಗಿ ಅಲ್ಲಾಡಿಸಿದರೆ ಪಾನೀಯ ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗುತ್ತದೆ. ಅದೇ ಹೊತ್ತಿಗೆ ಐಸ್ ಕರಗಿ ಒಂದಿಷ್ಟು ನೀರು ಸೇರುತ್ತದೆ. ಆ ನೀರೂ ಕಾಕ್‌ಟೇಲಿನ ಒಂದು ಭಾಗ. ಅದು ಇಲ್ಲದಿದ್ದರೆ ಮದ್ಯ ಗಂಟಲಿಗೆ ಕಚ್ಚುತ್ತದೆ, ನಿಂಬೆ ಹಲ್ಲಿಗೆ ಹುಳಿ ಹೊಡೆಯುತ್ತದೆ. ಗಾಳಿ ಸೇರಿ ಮೇಲೆ ಸಣ್ಣ ನೊರೆ ಬರುತ್ತದೆ. ನಿಂಬೆ, ಹಣ್ಣಿನ ರಸ ಇದ್ದರೆ ಅಲ್ಲಾಡಿಸಬೇಕು. ಬರೀ ಮದ್ಯ, ಸಕ್ಕರೆ, ಬಿಟರ್ಸ್ (ಬೇರು, ಮಸಾಲೆಯಿಂದ ಮಾಡಿದ ಕಹಿ ಹನಿ) ಇರುವ ಓಲ್ಡ್ ಫ್ಯಾಷನ್ಡ್ ಥರದ್ದಾದರೆ ಚಮಚದಲ್ಲಿ ಮೆಲ್ಲಗೆ ತಿರುಗಿಸಿದರೆ ಸಾಕು.

1806ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಪತ್ರಿಕೆಯಲ್ಲಿ ಕಾಕ್‌ಟೇಲ್ ಅಂದರೆ ಏನು ಅಂತ ಓದುಗರೊಬ್ಬರು ಕೇಳಿದ್ದರು. ಮದ್ಯ, ಸಕ್ಕರೆ, ನೀರು, ಬಿಟರ್ಸ್ ಅಂತ ಉತ್ತರ ಬಂತು. ಆಗಲೂ ನೀರಿನ ಹೆಸರು ಇತ್ತು ನೋಡಿ. ನಾನು ಹೊಸ ಹುಡುಗರಿಗೆ ಕಲಿಸುವಾಗ ಇದನ್ನೇ ಮೊದಲು ಹೇಳುತ್ತಿದ್ದೆ.

ಎರಡನೆಯದು ನಿಂಬೆ. ಕ್ಯಾಪ್ಸೂಲಿನಲ್ಲಿ ಇರುವುದು ತಿಂಗಳುಗಟ್ಟಲೆ ಕೆಡದ ಹಾಗೆ ಮಾಡಿದ ರಸ. ಈಗ ತಾನೇ ಹಿಂಡಿದ ನಿಂಬೆಯ ವಾಸನೆ ಅದಕ್ಕೆ ಬರುವುದೇ ಇಲ್ಲ. ಅಫಜಲಪುರದ ಆಚೆ ಇಂಡಿ ತಾಲೂಕು. ಅಲ್ಲಿನ ನಿಂಬೆಗೆ ಜಿಐ ಮಾನ್ಯತೆ, ಅಂದರೆ ಆ ಊರಿನದ್ದೇ ವಿಶೇಷ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ಅಂಥ ನಿಂಬೆ ಪಕ್ಕದಲ್ಲೇ ಇಟ್ಟುಕೊಂಡು ಅಮೆರಿಕದಿಂದ ಡಬ್ಬಿಯ ರಸ ತರಿಸುವುದು ನನಗೆ ಮನಸ್ಸಿಗೆ ಹಿಡಿಸುವುದಿಲ್ಲ.

ತೊಗರಿ ಕಣಜ

ಎಪ್ರಿಲ್, ಮೇನಲ್ಲಿ ಒಂದು ನಿಂಬೆಗೆ ಹತ್ತು ರೂಪಾಯಿ ಆಗುತ್ತದೆ, ಅದನ್ನೂ ಹೇಳಿ ಸರ್.

ಬಾರ್ ಕೌಂಟರ್ ಬೀದರ್

ಆಗಲಿ. ಒಂದು ಡ್ರಿಂಕಿಗೆ ಒಂದೂವರೆ ನಿಂಬೆ. ಹದಿನೈದು ರೂಪಾಯಿ. ಕ್ಯಾಪ್ಸೂಲಿನ ರೇಟು ಕೇಳಿ ಆಮೇಲೆ ಮಾತಾಡೋಣ.

ಲೆಕ್ಕದ ಪುಸ್ತಕ

ಕ್ಯಾಪ್ಸೂಲಿನ ಲೆಕ್ಕ ನಾನು ಕೊಡುತ್ತೇನೆ. ಒಂದಕ್ಕೆ ಎರಡೂವರೆ ಡಾಲರ್ ಹತ್ತಿರ ಬೀಳುತ್ತದೆ. 220 ರೂಪಾಯಿ ಅಂತ ಹಿಡಿಯಿರಿ. ಇದು ಮದ್ಯ ಇಲ್ಲದೆ, ಬರೀ ರಸ ಮತ್ತು ಪಾಕಕ್ಕೆ. ಎಂಟು ಜನ, ಒಬ್ಬರಿಗೆ ಎರಡು ಅಂದರೆ 16. ಒಂದು ಶನಿವಾರಕ್ಕೆ 3,520 ರೂಪಾಯಿ. ತಿಂಗಳಿಗೆ ಎರಡು ಸಲ ಅಂದರೆ 7,040. ಐದು ತಿಂಗಳಲ್ಲಿ ಮಷೀನಿನ ಬೆಲೆ ಮತ್ತೊಮ್ಮೆ ಕೊಟ್ಟ ಹಾಗೆ ಆಯಿತು. ಮದ್ಯದ ಖರ್ಚು ಬೇರೆ.

ಅದೂ ಕ್ಯಾಪ್ಸೂಲ್ ಸಿಕ್ಕರೆ. ತಮ್ಮ ಒಂದು ಸಲಕ್ಕೆ ಎಷ್ಟು ತರುತ್ತಾನೆ? ಐವತ್ತು? ನೂರು? ಅದರ ಮೇಲೆ ತಾರೀಖು ಬರೆದಿರುತ್ತದೆ, ವರ್ಷಗಟ್ಟಲೆ ಇಡಲು ಬರುವುದಿಲ್ಲ. ಮುಗಿದ ಮೇಲೆ ಮುಂದಿನ ದೀಪಾವಳಿವರೆಗೆ ಮಷೀನಿಗೆ ಬಟ್ಟೆ ಮುಚ್ಚಿ ಇಡಬೇಕು.

ಇನ್ನೊಂದು ದೊಡ್ಡ ಭಯ ಇದೆ. ಇಂಥ ಮಷೀನ್ ಕಂಪನಿ ಮುಚ್ಚಿದರೆ ಏನು ಗತಿ? ಡ್ರಿಂಕ್‌ವರ್ಕ್ಸ್ ಅಂತ ಒಂದಿತ್ತು. ಕಾಫಿ ಮಷೀನಿನ ಕೆಯುರಿಗ್ ಕಂಪನಿ ಮತ್ತು ಬಡ್‌ವೈಸರ್ ಬಿಯರ್ ಮಾಡುವವರು ಸೇರಿ ಕಟ್ಟಿದ್ದು. ಅದರ ಕ್ಯಾಪ್ಸೂಲಿನಲ್ಲಿ ಮದ್ಯವೂ ಒಳಗೇ ಇರುತ್ತಿತ್ತು. ಅಷ್ಟು ದೊಡ್ಡವರ ಕಂಪನಿ 2021ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಅದರ ಕ್ಯಾಪ್ಸೂಲ್ ಬೇರೆ ಯಾರೂ ಮಾಡುತ್ತಿರಲಿಲ್ಲ. ಅದಕ್ಕೂ ಮೊದಲು ಜ್ಯೂಸೆರೊ. ಹಣ್ಣಿನ ರಸ ತೆಗೆಯುವ ಮಷೀನ್, ಮೊದಲು 699 ಡಾಲರ್, ಆಮೇಲೆ 399. 2017ರಲ್ಲಿ ಬ್ಲೂಮ್‌ಬರ್ಗ್ ವರದಿಗಾರರು ಅದರ ಪ್ಯಾಕೆಟನ್ನು ಕೈಯಲ್ಲೇ ಹಿಂಡಿ ತೋರಿಸಿದರು. ಮಷೀನಿನಷ್ಟೇ ರಸ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕಂಪನಿ ನಿಂತು ಹೋಯಿತು.

ನಾನು ಮಷೀನಿನ ವಿರೋಧಿ ಅಲ್ಲ. ಬೇರೊಬ್ಬರ ಪ್ಯಾಕೆಟ್ ಇಲ್ಲದೆ ನಡೆಯದ ಮಷೀನಿನ ವಿರೋಧಿ.

ಹುಮನಾಬಾದ್ ಅಕ್ಕ

ಲೆಕ್ಕ ಸರಿ ಇದೆ, ಆದರೆ ಹೋಲಿಕೆ ಸರಿ ಇಲ್ಲ. ಹೈದರಾಬಾದಿಗೆ ಕಾರಿನಲ್ಲಿ ಹೋಗಿ ಬಂದರೆ ಪೆಟ್ರೋಲಿಗೇ ಎಷ್ಟು? ಅಲ್ಲಿ ಒಂದು ಕಾಕ್‌ಟೇಲಿಗೆ ಎಷ್ಟು? ಆ ಖರ್ಚಿನ ಪಕ್ಕದಲ್ಲಿ ಇಟ್ಟು ನೋಡಿದರೆ 220 ಜಾಸ್ತಿ ಅಲ್ಲ. ಕುಡಿದು ಗಾಡಿ ಓಡಿಸುವ ಮಾತೂ ತಪ್ಪುತ್ತದೆ.

ಇನ್ನೊಂದು ಮಾತು. ಎಲ್ಲರ ಕೈಯೂ ಒಂದೇ ಥರ ಇರುವುದಿಲ್ಲ ತಮ್ಮಾ. ನನಗೆ ಎರಡೂ ಮಣಿಕಟ್ಟಿನಲ್ಲಿ ಸಂಧಿವಾತ ಇದೆ. ರೊಟ್ಟಿ ಬಡಿಯುವುದು ಬಿಟ್ಟು ಆರು ವರ್ಷ ಆಯಿತು. ಶೇಕರ್ ಹಿಡಿದು ಅಲ್ಲಾಡಿಸು ಅಂದರೆ ನಾನು ಏನು ಮಾಡಲಿ? ಬಟನ್ ಒತ್ತಿದಾಗ ಯಾರ ಹಂಗೂ ಇಲ್ಲದೆ ನನ್ನದು ನಾನು ಮಾಡಿಕೊಂಡೆ. ಅದಕ್ಕೆ ನನಗೆ ಬೆಲೆ ಇದೆ.

ಬಾರ್ ಕೌಂಟರ್ ಬೀದರ್

ಅಕ್ಕಾ, ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನೀವು ಹೇಳಿದ್ದು ಸರಿ. ಕೈ ನೋವಿರುವವರಿಗೆ, ವಯಸ್ಸಾದವರಿಗೆ ಇಂಥದ್ದು ಉಪಯೋಗವೇ.

ಸೇಡಂ ಕಲ್ಲು

ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಡೆ ನೆಲದ ಕೆಳಗೆ ಪೂರಾ ಸುಣ್ಣದ ಕಲ್ಲು. ಶಹಾಬಾದ್ ಫರಸಿ ಬರುವುದೂ ಅದರಿಂದಲೇ, ಸಿಮೆಂಟ್ ಕಾರ್ಖಾನೆಗಳು ಸೇಡಂ, ಚಿತ್ತಾಪುರ ಕಡೆ ಸಾಲುಗಟ್ಟಿ ನಿಂತಿರುವುದೂ ಅದಕ್ಕೇ. ಬೋರಿನ ನೀರು ಕಾಯಿಸಿದರೆ ಪಾತ್ರೆ ತಳದಲ್ಲಿ ಬಿಳಿ ಪದರ ಕೂರುತ್ತದೆ. ಆ ನೀರನ್ನು ಸಣ್ಣ ಪೈಪಿನ ಮಷೀನಿಗೆ ಹಾಕಿದರೆ ಕೆಲವೇ ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ. ನಮ್ಮ ಮನೆಯ ಕಾಫಿ ಮಷೀನ್ ಹಾಗೇ ಹಾಳಾಯಿತು. ಸರ್ವಿಸಿಗೆ ಕೊಟ್ಟರೆ ಅವರು ಎರಡು ತಿಂಗಳು ಇಟ್ಟುಕೊಂಡು ಬಿಡಿಭಾಗ ಇಲ್ಲ ಅಂತ ವಾಪಸ್ ಕೊಟ್ಟರು.

ಐಸಿಗೂ ಅದೇ ಮಾತು. ಉಪ್ಪು ನೀರಿನ ಐಸ್ ಹಾಕಿದರೆ ಎಷ್ಟು ದುಬಾರಿ ವಿಸ್ಕಿ ಆದರೂ ಬೋರಿನ ರುಚಿಯೇ. ಫಿಲ್ಟರ್ ನೀರು ಹಾಕಿ ಅಂತ ನನ್ನ ಸಲಹೆ.

ಚಿಂಚೋಳಿ ಕಾಡು

ಐಸ್ ಅಂದಿದ್ದಕ್ಕೆ ಹೇಳುತ್ತೇನೆ. ಮೇ ತಿಂಗಳಲ್ಲಿ 43, 44 ಡಿಗ್ರಿ. ರಾತ್ರಿ ಒಂಬತ್ತಕ್ಕೂ ಮಾಳಿಗೆಯ ನೆಲ ಬಿಸಿ ಇರುತ್ತದೆ. ಫ್ರಿಜ್ಜಿನ ಸಣ್ಣ ತುಂಡು ಐಸ್ ಐದು ನಿಮಿಷ ಇರುವುದಿಲ್ಲ. ನಾನು ಸ್ಟೀಲ್ ಬಟ್ಟಲಲ್ಲಿ ನೀರು ಗಟ್ಟಿ ಮಾಡಿ ದೊಡ್ಡ ಗಡ್ಡೆ ಹಾಕುತ್ತೇನೆ. ದೊಡ್ಡದು ನಿಧಾನ ಕರಗುತ್ತದೆ. ಮಾರ್ಕೆಟ್ಟಿನಲ್ಲಿ ಸಿಗುವ ಬರ್ಫಿನ ದೊಡ್ಡ ಗಡ್ಡೆಯನ್ನು ಮಾತ್ರ ಗ್ಲಾಸಿಗೆ ಹಾಕಬೇಡಿ. ಅದು ಸಾಮಾನು ತಣ್ಣಗಿಡಲು ಮಾಡಿದ್ದು. ಬಾಟಲಿ ಅದರ ಮೇಲೆ ಇಡಿ, ಅಷ್ಟೇ.

ಶಹಾಪುರ ಬೆಟ್ಟ

ಮಷೀನಿನ ಒಂದು ಗುಣ ನನಗೆ ಇಷ್ಟ. ಅಳತೆ. ನಮ್ಮ ಕಡೆ ಮನೆಯಲ್ಲಿ ಕೂತರೆ ಎಲ್ಲಾ ಅಂದಾಜು. "ಹಾಕಪ್ಪಾ ಇನ್ನೊಂಚೂರು" ಅನ್ನುತ್ತಾ 60 ಎಂಎಲ್ ಅಂತ ಹಾಕಿದ್ದು 90 ಆಗಿರುತ್ತದೆ. ಎರಡು ಪೆಗ್ ಅಂತ ಹೇಳಿದವನು ನಿಜವಾಗಿ ಮೂರು ಕುಡಿದಿರುತ್ತಾನೆ. ಎದ್ದು ಬೈಕ್ ಹತ್ತುತ್ತಾನೆ. ನನ್ನ ಸ್ನೇಹಿತನೊಬ್ಬ ಹಾಗೇ ಭೀಮರಾಯನಗುಡಿ ರಸ್ತೆಯಲ್ಲಿ ಬಿದ್ದು ಎಂಟು ತಿಂಗಳು ಹಾಸಿಗೆ ಹಿಡಿದ. ಮಷೀನ್ ಹಾಗೆ ಕೈ ಜಾರಿ ಸುರಿಯುವುದಿಲ್ಲ.

ಲೆಕ್ಕದ ಪುಸ್ತಕ

30 ಮತ್ತು 60ರ ಸ್ಟೀಲ್ ಅಳತೆ ಬಟ್ಟಲು 150 ರೂಪಾಯಿಗೆ ಬರುತ್ತದೆ ಅಣ್ಣಾ.

ಶಹಾಪುರ ಬೆಟ್ಟ

ಬರುತ್ತದೆ, ಯಾರೂ ಬಳಸುವುದಿಲ್ಲ. ಸ್ನೇಹಿತನ ಮನೆಯಲ್ಲಿ ಅಳತೆ ಹಿಡಿದರೆ ಜಿಪುಣ ಅನ್ನುತ್ತಾರೆ. ಮಷೀನಿಗೆ ಯಾರೂ ಹಾಗೆ ಅನ್ನುವುದಿಲ್ಲ. ನಾನು ಅದನ್ನೇ ಹೇಳುತ್ತಿರುವುದು.

ಗುರುಮಠಕಲ್ ಗಾಳಿ

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಅಪ್ಪ ಕುಡಿಯುತ್ತಿದ್ದರು. ಮೊದಲು ವಾರಕ್ಕೆ ಒಂದು ದಿನ. ಮನೆಯಲ್ಲಿ ಬಾಟಲಿ ಇಡಲು ಶುರು ಮಾಡಿದ ಮೇಲೆ ದಿನಾ ಆಯಿತು. ಹೊರಗೆ ಹೋಗಬೇಕು, ಅಂಗಡಿಗೆ ನಡೆಯಬೇಕು, ಯಾರಾದರೂ ನೋಡುತ್ತಾರೆ ಅನ್ನುವ ಅಡ್ಡಿ ಇದ್ದಷ್ಟು ದಿನ ಕೈ ತಡೆಯುತ್ತಿತ್ತು. ಅಡ್ಡಿ ಹೋಯಿತು, ತಡೆಯೂ ಹೋಯಿತು. ನಾಲ್ಕು ಬಾಟಲಿ ಸದಾ ತುಂಬಿಕೊಂಡು, ಬಟನ್ ಒತ್ತಿದರೆ ಅರ್ಧ ನಿಮಿಷದಲ್ಲಿ ಸಿಹಿಯಾಗಿ ಬರುವ ಮಷೀನ್ ಅಡುಗೆ ಕಟ್ಟೆಯ ಮೇಲೆ ಇದ್ದರೆ? ಮಕ್ಕಳು ಇದ್ದಾರಾ ನಿಮ್ಮ ಮನೆಯಲ್ಲಿ? ಅವರ ಕಣ್ಣಿಗೆ ಅದು ಜ್ಯೂಸ್ ಮಷೀನ್. ಕುಡಿಯಬೇಡಿ ಅಂತ ನಾನು ಹೇಳುತ್ತಿಲ್ಲ. ಎಲ್ಲಿ ಇಡುತ್ತೀರಿ ಅಂತ ಕೇಳುತ್ತಿದ್ದೇನೆ.

ಜೇವರ್ಗಿ ರೋಡ್

ಅಕ್ಕಾ, ಬೇಜಾರು ಯಾಕೆ. ನೀವು ಬರೆದದ್ದನ್ನು ಹೆಂಡತಿಗೂ ಓದಿ ಹೇಳಿದೆ. ನಮಗೆ ಇಬ್ಬರು ಮಕ್ಕಳು, ಒಬ್ಬಳು ಒಂಬತ್ತನೇ ಕ್ಲಾಸ್, ಒಬ್ಬ ಐದನೇ ಕ್ಲಾಸ್. ಈಗ ಬಾಟಲಿ ಬೀರುವಿನಲ್ಲಿ ಬೀಗ ಹಾಕಿ ಇಡುತ್ತೇನೆ. ಮಷೀನ್ ಬಂದರೆ ಬೀಗದ ಮಾತು ಹೋಗುತ್ತದೆ. ಬಳಸಿದ ದಿನ ಬಾಟಲಿ ಬಿಚ್ಚಿ ತೊಳೆದು ಒಳಗೆ ಇಡಬಹುದು ಅಂತ ತಮ್ಮ ಹೇಳಿದ. ಆದರೆ ರಾತ್ರಿ ಹನ್ನೊಂದಕ್ಕೆ ಎಲ್ಲರೂ ಹೋದ ಮೇಲೆ ನಾನು ಅದನ್ನು ಪ್ರತಿ ಸಲ ಮಾಡುತ್ತೇನಾ ಅಂತ ನನ್ನನ್ನೇ ಕೇಳಿಕೊಂಡೆ. ಮಾಡುವುದಿಲ್ಲ.

ಸುರಪುರ ಓಣಿ

ನಮ್ಮ ಅಜ್ಜನ ಕಾಲದಲ್ಲಿ ಇದೆಲ್ಲಾ ಎಲ್ಲಿತ್ತು. ಈಚಲ ಮರದ ಸೇಂದಿ, ಬೆಳಿಗ್ಗೆ ಇಳಿಸಿದ್ದು ಬೆಳಿಗ್ಗೆ ಸಿಹಿ, ಸಂಜೆಗೆ ಹುಳಿ.

ಗುರುಮಠಕಲ್ ಗಾಳಿ

ಅಣ್ಣಾ, ಆ ಸೇಂದಿ ಹೋಗಿ ಎಷ್ಟೋ ವರ್ಷ ಆಯಿತು. ಆಮೇಲೆ ಅದೇ ಹೆಸರಿನಲ್ಲಿ ನಮ್ಮ ಕಡೆ ಬಂದಿದ್ದು ಸಿಎಚ್ ಪೌಡರ್ ಕಲಸಿದ ನೀರು. ಕ್ಲೋರಲ್ ಹೈಡ್ರೇಟ್ ಅದು, ನಿದ್ದೆ ಬರಿಸುವ ಔಷಧಿ. ಚಟ ಹಿಡಿದರೆ ಒಂದು ದಿನ ತಪ್ಪಿದರೂ ಕೈ ನಡುಗುತ್ತದೆ, ಮಾತು ತಪ್ಪುತ್ತದೆ. ಹಳ್ಳಿಯಲ್ಲಿ ಕೂಲಿ ಮಾಡುವ ಹೆಂಗಸರೂ ಅದಕ್ಕೆ ಸಿಕ್ಕಿಬಿದ್ದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಳೆಯ ಸೇಂದಿಯ ಆಸೆಗೆ ಯಾರಾದರೂ ಈಗ ಕೊಟ್ಟಿದ್ದನ್ನು ಕುಡಿಯಬೇಡಿ.

ಸುರಪುರ ಓಣಿ

ಅದು ನಿಜ ಅಕ್ಕಾ. ನಾನು ಅಜ್ಜನ ಕಾಲದ್ದು ಹೇಳಿದೆ. ಈಗಿನದ್ದು ವಿಷವೇ.

ಕೋಟೆ ಬಾಗಿಲು

ವಿಷಯಕ್ಕೆ ಬರೋಣ. ಮಷೀನ್ ತಂದರೂ ತರದಿದ್ದರೂ ಒಂದು ಐಡಿಯಾ. ಬಿದರಿ ಕಲೆಯ ಲೋಟದಲ್ಲಿ ಕೊಡಿ. ಕಪ್ಪು ಲೋಹದ ಮೇಲೆ ಬೆಳ್ಳಿ ಹೂಬಳ್ಳಿ, ಒಳಗೆ ನಿಂಬೆ ಬಣ್ಣದ ಮಾರ್ಗರಿಟಾ. ಅಮೆರಿಕದ ತಮ್ಮನೂ ನೋಡಿ ಬೆರಗಾಗಬೇಕು.

ಬಾರ್ ಕೌಂಟರ್ ಬೀದರ್

ದಯವಿಟ್ಟು ಬೇಡ! ನಾನು ಬೀದರಿನವನೇ, ಬಿದರಿ ಅಂದರೆ ನನಗೂ ಜೀವ. ಆದರೆ ಅದರಲ್ಲಿ ಬಹುಪಾಲು ಸತು, ಸ್ವಲ್ಪ ತಾಮ್ರ. ನಿಂಬೆಯ ಹುಳಿ ತಾಗಿದರೆ ಸತು ಕರಗಿ ಪಾನೀಯಕ್ಕೆ ಬರುತ್ತದೆ. ಹೊಟ್ಟೆ ತೊಳಸುತ್ತದೆ, ವಾಂತಿ ಆಗುತ್ತದೆ. ಬೀದರ್ ಕೋಟೆಯ ಮಣ್ಣು ಹಾಕಿ ಅಷ್ಟು ಕಷ್ಟಪಟ್ಟು ತಂದ ಕಪ್ಪು ಬಣ್ಣವೂ ಹೋಗುತ್ತದೆ. ಬಿದರಿ ತಟ್ಟೆಯ ಮೇಲೆ ಗಾಜಿನ ಗ್ಲಾಸ್ ಇಟ್ಟು ಕೊಡಿ, ಅದು ಚಂದ. ಒಳಗೆ ಕಲಾಯಿ ಇಲ್ಲದ ತಾಮ್ರದ ಲೋಟಕ್ಕೂ ಇದೇ ಮಾತು.

ಕೋಟೆ ಬಾಗಿಲು

ಇದು ಗೊತ್ತಿರಲಿಲ್ಲ. ಒಳ್ಳೆಯದಾಯಿತು ಹೇಳಿದ್ದು.

ಆಳಂದ ಮಾಮಾ

ನನಗೆ ಸಕ್ಕರೆ ಕಾಯಿಲೆ. ಡಾಕ್ಟರ್ ಹೇಳಿದ ಮೇಲೆ ತಿಂಗಳಿಗೆ ಒಂದೇ ಸಲ, ಒಂದೇ ಗ್ಲಾಸ್. ಕ್ಯಾಪ್ಸೂಲಿನಲ್ಲಿ ಸಿಹಿ ಎಷ್ಟಿದೆಯೋ ಅಷ್ಟೇ. ಕಡಿಮೆ ಮಾಡು ಅಂದರೆ ಮಷೀನ್ ಮಾಡುವುದಿಲ್ಲ. ಮದ್ಯ ಕಡಿಮೆ ಮಾಡಬಹುದು, ಸಕ್ಕರೆ ಕಡಿಮೆ ಮಾಡಲು ಬರುವುದಿಲ್ಲ. ನಮ್ಮಂಥವರು ಒಬ್ಬರಾದರೂ ಪ್ರತಿ ಗುಂಪಿನಲ್ಲಿ ಇರುತ್ತಾರೆ. ಕೈಯಲ್ಲಿ ಮಾಡಿದರೆ "ಮಾಮಾಗೆ ಪಾಕ ಬೇಡ" ಅಂತ ಹೇಳಿದರೆ ಆಯಿತು.

ಅಬಕಾರಿ ಬಲ್ಲವ

ನಾಲ್ಕು ಬಾಟಲಿ ಮದ್ಯ ಮಷೀನಿಗೆ, ಇನ್ನು ನಾಲ್ಕು ಬೀರುವಿಗೆ ಅಂತ ಮಾಡಬೇಡಿ. ಒಬ್ಬರು ಎಷ್ಟು ಕೊಳ್ಳಬಹುದು, ಎಷ್ಟು ಇಟ್ಟುಕೊಳ್ಳಬಹುದು ಅನ್ನುವುದಕ್ಕೆ ನಮ್ಮ ರಾಜ್ಯದಲ್ಲಿ ಮಿತಿ ಇದೆ. 2020ರ ಮೇನಲ್ಲಿ ಲಾಕ್‌ಡೌನ್ ಸಡಿಲ ಆದಾಗ ಬೆಂಗಳೂರಿನಲ್ಲಿ 52,841 ರೂಪಾಯಿಯ ಒಂದು ಬಿಲ್ ಫೋನಿಂದ ಫೋನಿಗೆ ಹರಿದಾಡಿತ್ತು ನೆನಪಿದೆಯಾ? ಒಬ್ಬರಿಗೇ ಮಿತಿ ಮೀರಿ ಮಾರಿದ್ದಕ್ಕೆ ಆ ಅಂಗಡಿಯ ಮೇಲೆ ಕೇಸ್ ಆಯಿತು. ಮನೆಯಲ್ಲಿ ನಾಲ್ಕು ಸ್ನೇಹಿತರು ಕೂರುವುದು ಬೇರೆ. ಛತ್ರದಲ್ಲಿ ಕಾರ್ಯಕ್ರಮ ಮಾಡಿ ಮದ್ಯ ಕೊಡುವುದಾದರೆ ಸಿಎಲ್-5 ಅಂತ ಆ ದಿನದ ಮಟ್ಟಿಗೆ ಲೈಸೆನ್ಸ್ ತೆಗೆದುಕೊಳ್ಳಬೇಕು.

ಜೇವರ್ಗಿ ರೋಡ್

ಎಲ್ಲರೂ ಇಷ್ಟು ಬರೆದಿದ್ದಕ್ಕೆ ಬಹಳ ಸಂತೋಷ. ಬಾರ್ ಕೌಂಟರ್ ಸರ್, ಮಷೀನ್ ಇಲ್ಲದೆ ನಾನು ಶುರು ಮಾಡಬೇಕು ಅಂದರೆ ಏನೇನು ಬೇಕು? ಹೆಂಡತಿಗೂ ಆಗುವಂಥದ್ದು ಹೇಳಿ.

ಬಾರ್ ಕೌಂಟರ್ ಬೀದರ್

ಇದನ್ನೇ ಕಾಯುತ್ತಿದ್ದೆ.

ನಮ್ಮ ಬೀದರ್ ಜಿಲ್ಲೆಯಲ್ಲಿ ಶುಂಠಿ ಬೆಳೆಯುತ್ತಾರೆ, ಕಬ್ಬು ಬೆಳೆಯುತ್ತಾರೆ. ಅರ್ಧ ಪಾವು ಹಸಿ ಶುಂಠಿ ಜಜ್ಜಿ. ಒಂದು ಲೋಟ ಬೆಲ್ಲ, ಒಂದು ಲೋಟ ನೀರು. ಬೆಲ್ಲ ಕರಗಿಸಿ, ಶುಂಠಿ ಹಾಕಿ, ಒಂದು ಕುದಿ ಬಂದ ತಕ್ಷಣ ಇಳಿಸಿ ಮುಚ್ಚಿಡಿ. ಜಾಸ್ತಿ ಕುದಿಸಬೇಡಿ, ಶುಂಠಿಯ ಹಸಿ ಘಮ ಹೋಗುತ್ತದೆ. ತಣ್ಣಗಾದ ಮೇಲೆ ಸೋಸಿ. ಬೆಲ್ಲದಲ್ಲಿ ಕಸ ಇರುತ್ತದೆ, ಬಟ್ಟೆಯಲ್ಲೇ ಸೋಸಿ.

ಕುಡಿಯುವವರಿಗೆ 60 ಎಂಎಲ್ ರಮ್, 25 ಎಂಎಲ್ ನಿಂಬೆ ರಸ, 20 ಎಂಎಲ್ ಈ ಪಾಕ. ಐಸ್ ತುಂಬಿದ ಶೇಕರ್‌ನಲ್ಲಿ ಹನ್ನೆರಡು ಸೆಕೆಂಡ್. ಹೊಸ ಐಸ್ ಇರುವ ಗ್ಲಾಸಿಗೆ ಸೋಸಿ, ಮೇಲೆ ಸೋಡಾ. ಕುಡಿಯದವರಿಗೆ ರಮ್ ಬಿಡಿ, ಪಾಕ 30 ಮಾಡಿ, ಚಿಟಿಕೆ ಕಾಳು ಮೆಣಸಿನ ಪುಡಿ, ಚಿಟಿಕೆ ಉಪ್ಪು. ನೋಡಲು ಎರಡೂ ಒಂದೇ ಥರ ಇರುತ್ತವೆ. ಹುಮನಾಬಾದ್ ಅಕ್ಕ ಹೇಳಿದ ಆ ಭೇದ ಇರುವುದಿಲ್ಲ. ಆಳಂದ ಮಾಮಾಗೆ ಪಾಕದ ಬದಲು ಬರೀ ಶುಂಠಿ ರಸ ನಾಲ್ಕು ಹನಿ.

ಸೋಡಾವನ್ನು ಮಾತ್ರ ಶೇಕರ್ ಒಳಗೆ ಹಾಕಬೇಡಿ. ಗ್ಯಾಸ್ ಒತ್ತಡಕ್ಕೆ ಮುಚ್ಚಳ ಹಾರಿ ಮುಖಕ್ಕೆ ಬಡಿಯುತ್ತದೆ.

ತಮ್ಮನಿಗೆ ಅಂಗೊಸ್ಟುರಾ ಬಿಟರ್ಸ್ ಒಂದು ಸಣ್ಣ ಬಾಟಲಿ ತರಲು ಹೇಳಿ. ಒಂದು ಗ್ಲಾಸಿಗೆ ಎರಡು ಮೂರು ಹನಿ ಸಾಕು, ವರ್ಷಗಟ್ಟಲೆ ಬರುತ್ತದೆ.

ತೊಗರಿ ಕಣಜ

ಶೇಕರ್ ಇಲ್ಲದವರು?

ಬಾರ್ ಕೌಂಟರ್ ಬೀದರ್

ರಬ್ಬರ್ ರಿಂಗ್ ಇರುವ ಸ್ಟೀಲ್ ಡಬ್ಬಿ. ಮುಚ್ಚಳ ಗಟ್ಟಿ ಇರಬೇಕು. ಚಹಾ ಸೋಸುವ ಜಾಲರಿಯಲ್ಲಿ ಸೋಸಿ.

ಜೇವರ್ಗಿ ರೋಡ್

ನಿನ್ನೆ ಶನಿವಾರ ಮಾಡಿದೆವು. ಬರೆಯದೆ ಇರಲು ಆಗಲಿಲ್ಲ.

ಏಳು ಜನ ಇದ್ದೆವು. ಸ್ಟೀಲ್ ಡಬ್ಬಿಯಲ್ಲೇ ಮಾಡಿದೆ. ಮೊದಲ ಎರಡು ಗ್ಲಾಸ್ ನಿಂಬೆ ಜಾಸ್ತಿ ಆಯಿತು, ಆಮೇಲೆ ಅಳತೆ ಬಟ್ಟಲು ಹಿಡಿದೆ. ಶಹಾಪುರ ಅಣ್ಣ ಹೇಳಿದ ಹಾಗೆ ಒಬ್ಬ ನನ್ನನ್ನು ಜಿಪುಣ ಅಂದ. ಅವನ ಕೈಗೇ ಬಟ್ಟಲು ಕೊಟ್ಟೆ, ಉಳಿದದ್ದೆಲ್ಲಾ ಅವನೇ ಅಳೆದು ಹಾಕಿದ. ಡಬ್ಬಿ ಕೈಯಿಂದ ಕೈಗೆ ಹೋಯಿತು. ಮಗಳು ಮಾಳಿಗೆಗೆ ಬಂದು ಅವ್ವನಿಗೆ, ತನಗೆ, ತಮ್ಮನಿಗೆ ಮೂರು ಶುಂಠಿ ಸೋಡಾ ತಾನೇ ಮಾಡಿಕೊಂಡು ಕೆಳಗೆ ಹೋದಳು. ಹೆಂಡತಿ ಇನ್ನೊಂದು ಗ್ಲಾಸ್ ಕೇಳಿದಳು. ಹನ್ನೆರಡು ವರ್ಷದಲ್ಲಿ ಶನಿವಾರದ ದಿನ ಅವಳು ಮೇಲೆ ಬಂದು ಒಂದು ಗಂಟೆ ಕೂತಿದ್ದು ಇದೇ ಮೊದಲು.

ಕಷ್ಟವೂ ಇತ್ತು. ಏಳು ಜನಕ್ಕೆ ಎರಡು ಸುತ್ತು ಮಾಡುವಷ್ಟರಲ್ಲಿ ಐಸ್ ಖಾಲಿ. ನಿಂಬೆ ಹಿಂಡಿ ಹಿಂಡಿ ಬೆರಳು ಉರಿಯಿತು. ನನ್ನ ಗ್ಲಾಸ್ ನನಗೆ ಸಿಕ್ಕಿದ್ದು ಕೊನೆಗೆ.

ತಮ್ಮನಿಗೆ ಫೋನ್ ಮಾಡಿ ಮಷೀನ್ ಬೇಡ, ಒಂದು ಒಳ್ಳೆಯ ಶೇಕರ್ ಮತ್ತು ಬಿಟರ್ಸ್ ತಾ ಅಂದೆ. ಅವನಿಗೆ ಸ್ವಲ್ಪ ಬೇಸರ ಆಯಿತು.

ಹುಮನಾಬಾದ್ ಅಕ್ಕ

ಒಳ್ಳೆಯದು ತಮ್ಮಾ. ಆದರೆ ನನ್ನ ಮಾತು ನಾನು ಬದಲಿಸುವುದಿಲ್ಲ. ಮಗಳು ಡಿಸೆಂಬರಿನಲ್ಲಿ ಬರುವಾಗ ನನಗೆ ಒಂದು ತರುತ್ತಾಳೆ. ವೈರಿಂಗ್ ಮಾಸ್ತರ್, ಟ್ರಾನ್ಸ್‌ಫಾರ್ಮರ್ ನಿಮ್ಮ ಹತ್ತಿರವೇ ತೆಗೆದುಕೊಳ್ಳುತ್ತೇನೆ. ಬಾರ್ ಕೌಂಟರ್ ತಮ್ಮಾ, ಹುಮನಾಬಾದಿಗೆ ಬಾ. ಒಂದು ನಿನ್ನ ಕೈಯದ್ದು, ಒಂದು ಮಷೀನಿನದ್ದು, ಎದುರುಬದುರು ಇಟ್ಟು ನೋಡೋಣ.

ಬಾರ್ ಕೌಂಟರ್ ಬೀದರ್

ಬರುತ್ತೇನೆ ಅಕ್ಕಾ. ನಿಂಬೆ ನಾನೇ ತರುತ್ತೇನೆ.

ವೈರಿಂಗ್ ಮಾಸ್ತರ್

ಮಷೀನ್ ಬಂದ ತಕ್ಷಣ ಚುಚ್ಚಬೇಡಿ ಅಕ್ಕಾ. ಮೊದಲು ಕೆಳಗಿನ ಚೀಟಿಯ ಫೋಟೋ ಕಳಿಸಿ.

ಆಳಂದ ಮಾಮಾ

ಶುಂಠಿ ಪಾಕ ಎಷ್ಟು ದಿನ ಇಡಬಹುದು?

ಬಾರ್ ಕೌಂಟರ್ ಬೀದರ್

ಫ್ರಿಜ್ಜಿನಲ್ಲಿ ಹತ್ತು ದಿನ ಮಾಮಾ. ನೊರೆ ಕಂಡರೆ ಚೆಲ್ಲಿ. ನಿಮಗೆ ಪಾಕ ಬೇಡ ಅಂತ ಹೇಳಿದ್ದೆ ಅಲ್ವಾ?

ಆಳಂದ ಮಾಮಾ

ನನಗಲ್ಲಪ್ಪಾ, ಮನೆಯವಳಿಗೆ.